‘ಟ್ಯಾಲೆಂಟ್’ ಎಂಬ ಮಾತು ಮತ್ತು ಅದರ ಬಳಗ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ನಮ್ಮನ್ನು ಬರಮಾಡಿಕೊಂಡು, ಬಹುಕಾಲ ಇಂಗ್ಲಿಷ್ ಪಾಠ ಹೇಳಿದವರಾದ ನೀವು ನಮ್ಮ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಪ್ರಯೋಜನವಾಗುವಂಥ ಯಾವುದಾದರೊಂದು ವಿಷಯವನ್ನು ಕುರಿತು ಮಾತನಾಡಬೇಕೆಂದು ಅಪ್ಪಣೆ ಮಾಡಿದರು. ವಿಷಯ ಹುಡುಕುವ ತೊಂದರೆಯನ್ನೂ ಅವರೇ ತಪ್ಪಿಸಿದರು. ಅವರು ಕೈಗಿತ್ತ ಆಮಂತ್ರಣ ಪತ್ರಿಕೆಯಲ್ಲಿ ಸಮಾರೋಪದ ದಿನದ ಕಾರ್ಯಕ್ರಮಗಳ ನಡುವೆ ಕನ್ನಡದಲ್ಲಿ ‘ಪ್ರತಿಭಾ ಪುರಸ್ಕಾರ’ ಎಂದೂ ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಟ್ಯಾಲೆಂಟ್ ಅವಾರ್ಡ್’ ಎಂದೂ ಅಚ್ಚಾಗಿತ್ತು. ಅದಕ್ಕೂ ಕೆಳಗೆ ಸಣ್ಣಕ್ಷರಗಳಲ್ಲಿ, ಹತ್ತನೆಯ ತರಗತಿಯಲ್ಲಿಯೂ ಪಿ.ಯು.ಸಿ.ಯಲ್ಲಿಯೂ ಶೇಕಡಾ 85ಕ್ಕೆ ಮೇಲ್ಪಟ್ಟು ಅಂಕ ಪಡೆದವರು ಹೆಸರು ಕೊಡತಕ್ಕದ್ದು ಎಂದಿತ್ತು. ಈ ಮೂರು ಸಾಲುಗಳನ್ನು ಓದಿದ ರಾತ್ರಿ ನಮಗೆ ಬೇಗ ನಿದ್ರೆ ಹತ್ತಲಿಲ್ಲ. ಕಾರಣವನ್ನು ಮುಂದೆ ನಿವೇದಿಸುತ್ತೇವೆ.

ಹುಟ್ಟಿನಿಂದ ಬಂದ ಶಕ್ತಿಯನ್ನು ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಹಲವು ಮಾತುಗಳಿವೆ. ಟ್ಯಾಲೆಂಟ್, ಗಿಫ್ಟ್, ಎಬಿಲಿಟಿ, ಆಪ್ಟಿಟ್ಯೂಡ್, ಕೆಪ್ಯಾಸಿಟಿ, ಜೀನಿಯಸ್, ನ್ಯಾಕ್, ಫ್ಲೇರ್ ಎಂದು ಹೇಳುತ್ತ ಹೋಗಬಹುದು. ಪರೀಕ್ಷೆಗಾಗಿ ಮಾರುವ ಗೈಡುಗಳಲ್ಲಿ ಇವಕ್ಕೆಲ್ಲ ‘ಪ್ರತಿಭೆ, ಸಾಮರ್ಥ್ಯ’ ಎಂದು ಒಂದೇ ಅರ್ಥ ಬರೆದಿರುತ್ತಾರೆ. ನಾವೂ ತರಗತಿಯಲ್ಲಿ ಹಾಗೆಯೇ ಬರೆಸಿದವರೇ. ಸೇರು, ಪಾವು, ಚಟಾಕು ಎಲ್ಲವೂ ಅಳತೆಯೇ ತಾನೇ ಎಂದು ಯಾವುದರಿಂದಲೋ ಅಳೆದುಕೊಟ್ಟ ಅಂಗಡಿಯವನು ಎಷ್ಟು ದಿನ ವ್ಯಾಪಾರ ಮಾಡಿಯಾನು? ಮಾತಿನ ವ್ಯಾಪಾರದಲ್ಲಿ ಮಾತ್ರ ಇದು ತಕ್ಷಣ ತಿಳಿಯುವುದಿಲ್ಲ. ನಷ್ಟವು ಬೇರೆಯವರ ಲೆಕ್ಕಕ್ಕೆ ಹೋಗುತ್ತದೆ.

1978ರ ಮಾತು. ಆಗ ನಾವು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ಅರ್ಧವಾರ್ಷಿಕ ಪರೀಕ್ಷೆ ಮುಗಿದು ಅಂಕಪಟ್ಟಿಗಳನ್ನು ಮನೆಗೆ ಕಳುಹಿಸುವ ಸಮಯ. ಕೊನೆಯ ಕಲಮಿನಲ್ಲಿ ತರಗತಿಯ ಉಪಾಧ್ಯಾಯರು ತಮ್ಮ ಅಭಿಪ್ರಾಯ ಬರೆಯಬೇಕು. ಐವತ್ತಕ್ಕೂ ಹೆಚ್ಚು ಪಟ್ಟಿಗಳು, ಸಂಜೆಯಾಗಿತ್ತು, ಇಂಗ್ಲಿಷಿನಲ್ಲಿ ನೂರಕ್ಕೆ ಹನ್ನೊಂದು ಅಂಕ ತೆಗೆದಿದ್ದ ಒಬ್ಬ ಹುಡುಗನ ಪಟ್ಟಿಯಲ್ಲಿ ನಾವು ಎರಡೇ ಮಾತು ಬರೆದೆವು: ‘ನೋ ಟ್ಯಾಲೆಂಟ್’.

ಆ ಹುಡುಗನ ತಂದೆ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಧರ್ಮಕೇಂದ್ರದವರೇ. ಎರಡು ವಾರಗಳ ಮೇಲೆ, ನವೆಂಬರ್ ತಿಂಗಳ ಒಂದು ಭಾನುವಾರ, ಪೂಜೆ ಮುಗಿಸಿ ಹೊರಬರುವಾಗ ದೇವಾಲಯದ ಮೆಟ್ಟಿಲ ಬಳಿ ಅವರು ನಮ್ಮನ್ನು ನಿಲ್ಲಿಸಿದರು. ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಅಂಕಪಟ್ಟಿಯಿತ್ತು. ಅಂದು ಓದಿದ ಶುಭಸಂದೇಶವು ಸಂತ ಮತ್ತಾಯನ 25ನೆಯ ಅಧ್ಯಾಯದ ತಲಾಂತುಗಳ ಸಾಮತಿ. ಈಗಿನ ಪೂಜಾವಿಧಿಯ ಪ್ರಕಾರ ಅದು ಮೂರು ವರ್ಷಕ್ಕೊಮ್ಮೆ ಭಾನುವಾರದ ವಾಚನವಾಗಿ ಬರುತ್ತದೆ, ಅಂದು ಬಂದಿತ್ತು. ಪ್ರಸಂಗ ಮಾಡಿದ ಸ್ವಾಮಿಗಳು ಇಂಗ್ಲಿಷಿನವರ ‘ಟ್ಯಾಲೆಂಟ್’ ಎಂಬ ಮಾತು ಇದೇ ತಲಾಂತಿನಿಂದ ಬಂದದ್ದೆಂದು ವಿವರಿಸಿದ್ದರು. ಆ ತಂದೆ ಪಟ್ಟಿಯನ್ನು ಬಿಡಿಸಿ ಬೆರಳಿಟ್ಟು ತೋರಿಸಿ ಕೇಳಿದರು: “ಸಾರ್, ಇದನ್ನ ಪಕ್ಕದ ಮನೆ ಹುಡುಗನ ಹತ್ರ ಓದಿಸಿದೆ. ದೇವ್ರು ಒಬ್ಬನಿಗೆ ಐದು ಕೊಟ್ಟ, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ಅಂತ ಸ್ವಾಮಿಗಳು ಈಗ ಹೇಳಿದ್ರು. ನನ್ನ ಮಗನಿಗೆ ಒಂದೂ ಕೊಟ್ಟಿಲ್ಲ ಅಂತ ನಿಮಗೆ ಹೆಂಗೆ ಗೊತ್ತಾಯ್ತು?”

ಅವರ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ನಾವು ಏನೋ ಸಮಾಧಾನ ಹೇಳಿ ಸೈಕಲ್ ಹತ್ತಿದೆವು. ಆದರೆ ಆ ಪ್ರಶ್ನೆ ಬಿಡಲಿಲ್ಲ. ಇಂಗ್ಲಿಷ್ ಉಪಾಧ್ಯಾಯರೆಂದು ಸಂಬಳ ತೆಗೆದುಕೊಳ್ಳುತ್ತಿದ್ದ ನಾವು ಒಂದು ಇಂಗ್ಲಿಷ್ ಮಾತಿನ ಅರ್ಥವನ್ನು ಗಿರಣಿಯ ಕಾರ್ಮಿಕರೊಬ್ಬರಿಂದ ಕಲಿಯಬೇಕಾಯಿತು.

ಈಗ ಆ ಮಾತನ್ನೇ ನೋಡೋಣ. ತಲಾಂತು ಎಂಬುದು ಮೂಲದಲ್ಲಿ ಗ್ರೀಕರ ತಕ್ಕಡಿಯ ಹೆಸರು. ಆಮೇಲೆ ತಕ್ಕಡಿಯಲ್ಲಿ ತೂಗುವ ಒಂದು ದೊಡ್ಡ ತೂಕದ ಹೆಸರು. ಅದಾದ ಮೇಲೆ ಅಷ್ಟು ತೂಕದ ಬೆಳ್ಳಿಯ ಹೆಸರು. ದೇಶಕಾಲಕ್ಕೆ ತಕ್ಕಂತೆ ಅದರ ತೂಕ 26 ಕಿಲೋಗ್ರಾಮಿನಿಂದ 35 ಕಿಲೋಗ್ರಾಮಿನವರೆಗೆ ಇತ್ತು. ನಮ್ಮ ಅಂಗಡಿಗಳಲ್ಲಿ ಸಿಗುವ 25 ಕಿಲೋ ಅಕ್ಕಿಚೀಲವನ್ನು ಕಣ್ಣ ಮುಂದೆ ತಂದುಕೊಂಡು, ಅಷ್ಟೇ ತೂಕದ ಬೆಳ್ಳಿಯಿದೆಯೆಂದು ಭಾವಿಸಿರಿ. ಸರಿಸುಮಾರು ಒಂದು ತಲಾಂತು. ನಾಣ್ಯದ ಲೆಕ್ಕದಲ್ಲಿ ಅದು ಆರು ಸಾವಿರ ಬೆಳ್ಳಿ ನಾಣ್ಯ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ ದಿನಗೂಲಿ ಒಂದು ನಾಣ್ಯವೆಂದಿದೆಯಷ್ಟೆ. ವರ್ಷಕ್ಕೆ ಮುನ್ನೂರು ದಿನ ದುಡಿಮೆಯೆಂದು ಹಿಡಿದರೂ ಒಂದು ತಲಾಂತು ಎಂದರೆ ಇಪ್ಪತ್ತು ವರ್ಷದ ಕೂಲಿ! ಮೂರನೆಯ ಸೇವಕನಿಗೆ ‘ಒಂದೇ ಒಂದು’ ಸಿಕ್ಕಿತೆಂದು ನಾವು ಮರುಗುತ್ತೇವೆ. ಅವನು ಹೂತಿಟ್ಟದ್ದು ಇಪ್ಪತ್ತು ವರ್ಷದ ಕೂಲಿಯನ್ನು. ಇನ್ನು, ಏನೂ ಸಿಕ್ಕದ ಸೇವಕನಂತೂ ಆ ಸಾಮತಿಯಲ್ಲಿ ಇಲ್ಲವೇ ಇಲ್ಲ.

ಈ ಹಣದ ಮಾತು ಗುಣದ ಮಾತಾದ ಬಗೆಯೂ ಸ್ವಾರಸ್ಯವಾಗಿದೆ. ಮಧ್ಯಯುಗದ ಲತೀನಿನಲ್ಲಿಯೂ ಹಳೆಯ ಫ್ರೆಂಚಿನಲ್ಲಿಯೂ ಈ ಪದಕ್ಕೆ ಒಲವು, ಮನಸ್ಸಿನ ವಾಲಿಕೆ ಎಂಬ ಅರ್ಥವಿತ್ತು; ತಕ್ಕಡಿಯ ತಟ್ಟೆ ಒಂದು ಕಡೆಗೆ ವಾಲುವಂತೆ ಮನಸ್ಸೂ ವಾಲುತ್ತದೆ ಎಂಬ ಭಾವ. ಹದಿನೈದನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ, ದೇವರು ಬಳಸುವುದಕ್ಕಾಗಿ ಒಪ್ಪಿಸಿದ ಶಕ್ತಿ ಎಂಬ ಇಂದಿನ ಅರ್ಥ ನೆಲೆಗೊಂಡಿತು. ಅದಕ್ಕೆ ಆಧಾರ ಈ ಸಾಮತಿಯೇ. ಇಂದು ದೂರದರ್ಶನದ ಸ್ಪರ್ಧೆಗಳಲ್ಲಿ ‘ಟ್ಯಾಲೆಂಟ್’ ಎಂದು ಕೂಗುವವರು ತಿಳಿಯದೆಯೇ ಶುಭಸಂದೇಶದ ಪದವೊಂದನ್ನು ಉಚ್ಚರಿಸುತ್ತಿದ್ದಾರೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಮತಿಯಲ್ಲಿ ಧಣಿಯು ಒಬ್ಬೊಬ್ಬನಿಗೂ ಅವನವನ ಶಕ್ತಿಗೆ ಅನುಸಾರವಾಗಿ ತಲಾಂತುಗಳನ್ನು ಒಪ್ಪಿಸಿದನೆಂದಿದೆ. ಎಂದರೆ ತಲಾಂತೂ ಶಕ್ತಿಯೂ ಅಲ್ಲಿ ಬೇರೆ ಬೇರೆ. ಶಕ್ತಿ ಎಂಬುದು ಹೊರುವ ಹೆಗಲು. ತಲಾಂತು ಹೆಗಲ ಮೇಲಿಟ್ಟ ಹೊರೆ. ಇಂಗ್ಲಿಷ್ ಬೈಬಲಿನಲ್ಲಿ ಆ ಶಕ್ತಿಗೆ ‘ಎಬಿಲಿಟಿ’ ಎಂಬ ಪದ ಬಂದಿದೆ. ‘ಎಬಿಲಿಟಿ’ ಹಿಡಿದುಕೊಳ್ಳುವುದು ಎಂಬರ್ಥದ ಲತೀನ್ ಧಾತುವಿನಿಂದ ಹುಟ್ಟಿದ್ದು. ಈಗ, ಇಲ್ಲಿ, ಒಂದು ಕೆಲಸವನ್ನು ಕೈಗೆತ್ತಿಕೊಂಡು ಮಾಡಬಲ್ಲೆನೇ ಎಂಬುದಷ್ಟೇ ಅದರ ವ್ಯಾಪ್ತಿ. ಇಂದು ಇಲ್ಲದ ‘ಎಬಿಲಿಟಿ’ ನಾಳೆ ಬರಬಹುದು, ಇಂದು ಇರುವುದು ಕಾಯಿಲೆಯಿಂದ ಹೋಗಲೂಬಹುದು. ಅಂದು ಆ ಹುಡುಗನ ವಿಷಯದಲ್ಲಿ ನಮಗೆ ತಿಳಿದಿದ್ದುದು ಇಷ್ಟೇ: ಈ ತಿಂಗಳಲ್ಲಿ, ಇಂಗ್ಲಿಷ್ ಪದಗಳ ಕಾಗುಣಿತದಲ್ಲಿ, ಇವನಿಗೆ ಎಬಿಲಿಟಿ ಸಾಲದು. ನಾವು ಬರೆದದ್ದೋ ದೇವರ ಭಂಡಾರದ ಲೆಕ್ಕ.

‘ಗಿಫ್ಟ್’ ಎಂಬ ಮಾತು ಇನ್ನೂ ನೇರ. ಅದನ್ನು ಉಚ್ಚರಿಸಿದ ಕೂಡಲೇ ಕೊಟ್ಟವನೊಬ್ಬನಿದ್ದಾನೆಂದು ಒಪ್ಪಿದಂತೆ. ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಹೋಗುವ ನಾವು ಮೊಂಬತ್ತಿಯನ್ನೋ ಹೂವನ್ನೋ ಕಾಣಿಕೆಯಾಗಿ ಒಯ್ಯುತ್ತೇವೆ. ಇಂಗ್ಲಿಷಿನಲ್ಲಿ ಅದೂ ಗಿಫ್ಟ್, ಗಾಯನವೃಂದದ ಹುಡುಗಿಯ ಕಂಠವೂ ಗಿಫ್ಟ್. ಕನ್ನಡದಲ್ಲಿ ನಾವು ಕೊಡುವುದಕ್ಕೆ ಕಾಣಿಕೆಯೆಂದೂ ದೇವರು ಕೊಡುವುದಕ್ಕೆ ವರವೆಂದೂ ಬೇರೆ ಮಾತುಗಳಿವೆ. ಇದು ನಮ್ಮ ಭಾಷೆಯ ಸೌಭಾಗ್ಯ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ವರಗಳು ನಾನಾ ವಿಧವಾದರೂ ಕೊಡುವ ಆತ್ಮ ಒಬ್ಬರೇ ಎಂದು ವಿವರಿಸುತ್ತ, ಅವು ಸರ್ವರ ಹಿತಕ್ಕಾಗಿ ಕೊಟ್ಟವು ಎನ್ನುತ್ತಾರೆ. ಹಾಗಾದರೆ ಹಾಡುವವಳ ವರವು ಕೇಳುವವರಿಗಾಗಿ ಕೊಟ್ಟದ್ದು ಎಂದಾಯಿತು. (ಪ್ರಾಸಂಗಿಕವಾಗಿ ಒಂದು ಮಾತು: ಜರ್ಮನ್ ಭಾಷೆಯಲ್ಲಿ ‘ಗಿಫ್ಟ್’ ಎಂದರೆ ವಿಷ. ನಮಗೆ 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲ್ ಅವರು ಜರ್ಮನಿಯವರು. ಇಂಗ್ಲಿಷಿನಲ್ಲಿ ಅರ್ಥ ಬರೆಯುವಾಗ ಈ ಪದ ಬಂದಲ್ಲೆಲ್ಲ ಅವರು ಒಳಗೊಳಗೆ ನಕ್ಕಿರಬಹುದೇ ಎಂದು ನಮಗೆ ಅನ್ನಿಸುವುದುಂಟು.)

ನಮ್ಮ ಹಿರಿಯರಿಗೆ ಲತೀನ್ ಅಪರಿಚಿತವಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ ಬಲಿಪೂಜೆಯು ಆ ಭಾಷೆಯಲ್ಲಿಯೇ ನಡೆಯುತ್ತಿತ್ತು. ಮೈಸೂರು ಮಿಷನ್ನಿನ ಬಿಷಪರಾಗಿದ್ದ ಶಾರ್ಬೊನೋ ಅವರ ಲತೀನ್–ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಆದುದರಿಂದ ಒಂದು ಲತೀನ್ ಪದವನ್ನು ತಮ್ಮ ಮುಂದಿಡಲು ಸಂಕೋಚವಿಲ್ಲ: ಇಂಜೇನಿಯುಮ್. ಒಳಗೇ ಹುಟ್ಟಿದ್ದು, ಹುಟ್ಟಿನೊಡನೆ ಬಂದ ಬುದ್ಧಿ ಎಂದು ಅರ್ಥ. ‘ಜೀನಿಯಸ್’ ಎಂಬ ಪದವೂ ಅದೇ ಧಾತುವಿನದು. ಪ್ರಾಚೀನ ರೋಮಿನವರು ಪ್ರತಿಯೊಬ್ಬನೊಡನೆ ಹುಟ್ಟಿ ಅವನನ್ನು ಕಾಯುವ ಒಂದು ದೇವತೆಯಿದೆಯೆಂದು ನಂಬಿ ಅದಕ್ಕೆ ಆ ಹೆಸರಿಟ್ಟಿದ್ದರು. ಇಂದು ಇಂಗ್ಲಿಷಿನಲ್ಲಿ ಅದು ಲಕ್ಷಕ್ಕೊಬ್ಬರಿಗೆ ಮಾತ್ರ ಸಲ್ಲುವ ದೊಡ್ಡ ಬಿರುದಾಗಿದೆ. ಟ್ಯಾಲೆಂಟ್ ಇದ್ದವನು ಹಾಕಿದ ದಾರಿಯಲ್ಲಿ ಚೆನ್ನಾಗಿ ನಡೆಯುತ್ತಾನೆ. ಜೀನಿಯಸ್ ಎನ್ನಿಸಿಕೊಂಡವನು ದಾರಿಯನ್ನೇ ಹೊಸದಾಗಿ ಹಾಕುತ್ತಾನೆ. ಇಂಜೇನಿಯುಮ್ ಪದದ ವಂಶ ಮಾತ್ರ ಬೇರೊಂದು ಕಡೆಗೆ ಹರಿಯಿತು. ಬುದ್ಧಿಯಿಂದ ಕಲ್ಪಿಸಿದ ಸಾಧನಕ್ಕೆ ಅದೇ ಹೆಸರು ಬಂದು ‘ಎಂಜಿನ್’ ಆಯಿತು. ಎಂಜಿನ್ ಮಾಡುವವನು ಎಂಜಿನಿಯರ್ ಆದ. ನಮ್ಮೂರಿನಲ್ಲಿ 1951ರಲ್ಲಿಯೇ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಮಗನನ್ನು ಎಂಜಿನಿಯರ್ ಮಾಡಬೇಕೆಂದು ಅಲ್ಲಿ ಅರ್ಜಿ ಹಿಡಿದು ನಿಂತ ತಂದೆಯರಲ್ಲಿ ಎಷ್ಟು ಜನರಿಗೆ ಆ ಪದದ ಒಳಗೆ ಹುಟ್ಟುಬುದ್ಧಿ ಎಂಬ ಅರ್ಥ ಅಡಗಿದೆಯೆಂದು ತಿಳಿದಿತ್ತು?

ಎಂಜಿನ್ನಿನ ಮಾತು ಬಂದದ್ದರಿಂದ ಆ ಹುಡುಗನ ಕಥೆಯನ್ನು ಮುಂದುವರಿಸಬಹುದು. ಅವನು ಎಸ್.ಎಸ್.ಎಲ್.ಸಿ.ಯಲ್ಲಿ ತೇರ್ಗಡೆಯಾಗಲಿಲ್ಲ. ಹರಿಹರದಲ್ಲಿದ್ದ ಸೋದರಮಾವನ ಮನೆ ಸೇರಿ, ಮೊದಲು ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಸ ಗುಡಿಸುತ್ತಿದ್ದನಂತೆ. ಆಮೇಲೆ ಲೇತ್ ಕಲಿತನಂತೆ. ಹರಿಹರವು ಲೇತುಗಳ ಊರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು 1941ರಲ್ಲಿ ಅಲ್ಲಿ ಸ್ಥಾಪಿತವಾಗಿ, ಅಲ್ಲಿಯ ಲೇತುಗಳು ದೇಶದ ಎಲ್ಲೆಡೆಗೆ ಹೋದವು. ಆ ಕಾರ್ಖಾನೆ ಈಗ ನಡೆಯುತ್ತಿಲ್ಲ. ಆದರೆ ಅದರ ನೆರಳಿನಲ್ಲಿ ಕೈ ಪಳಗಿಸಿಕೊಂಡವರು ಇಂದಿಗೂ ಸುತ್ತಮುತ್ತಲ ಊರುಗಳಲ್ಲಿದ್ದಾರೆ. 1986ರ ಸೆಪ್ಟೆಂಬರಿನಲ್ಲಿ ಆರೋಗ್ಯ ಮಾತೆಯ ಹಬ್ಬಕ್ಕೆ ಹೋಗಿದ್ದಾಗ ಜನಜಂಗುಳಿಯ ನಡುವೆ ಒಬ್ಬ ಯುವಕ ಬಂದು ನಮಸ್ಕರಿಸಿ, ಹೆಸರು ಹೇಳಿ, ಚಹಾ ಕುಡಿಯಲೇಬೇಕೆಂದು ಹಟ ಹಿಡಿದು ತನ್ನ ವರ್ಕ್‌ಶಾಪಿಗೆ ಕರೆದೊಯ್ದ. ಹಬ್ಬದ ದಿನವಾದರೂ ನಮಗೆ ತೋರಿಸುವುದಕ್ಕೆಂದು ಲೇತನ್ನು ಚಾಲೂ ಮಾಡಿದ. ಉಕ್ಕಿನ ಸರಳು ತಿರುಗತೊಡಗಿತು, ಹದವಾದ ಸುರುಳಿಗಳು ಕಳಚಿ ಬೀಳತೊಡಗಿದವು. ಅವನು ಸರಳಿನ ಕಡೆ ನೋಡುತ್ತಲೇ ಇರಲಿಲ್ಲ, ನಮ್ಮೊಡನೆ ಮಾತನಾಡುತ್ತಿದ್ದ. ಅಳತೆ ಹೇಗೆ ತಿಳಿಯುತ್ತದೆಂದು ಕೇಳಿದೆವು. “ಅಳತೆ ಆಮೇಲೆ ಸಾರ್. ಮೊದ್ಲು ಟೂಲಿನ ಶಬ್ದ ಕೇಳಬೇಕು. ಜಾಸ್ತಿ ಒತ್ತಿದ್ರೆ ಅದಕ್ಕೆ ಸಿಟ್ಟು ಬರುತ್ತೆ, ಕಿರುಚುತ್ತೆ” ಎಂದ. ನಿಲ್ಲಿಸಿ ಮೈಕ್ರೋಮೀಟರ್ ಇಟ್ಟು ನೋಡಿದಾಗ ಅಳತೆ ಸರಿಯಾಗಿತ್ತು.

‘ಆಪ್ಟಿಟ್ಯೂಡ್’ ಎಂಬ ಪದದ ಅರ್ಥ ನಮಗೆ ಅಂದು ಆ ವರ್ಕ್‌ಶಾಪಿನಲ್ಲಿ ತಿಳಿಯಿತು. ಅದು ಒಂದಕ್ಕೊಂದು ಸರಿಯಾಗಿ ಕೂಡುವುದು ಎಂಬರ್ಥದ ಲತೀನ್ ಪದದಿಂದ ಬಂದಿದೆ. ನಟ್ಟಿಗೆ ಬೋಲ್ಟು ಕೂಡುವಂತೆ ಮನುಷ್ಯನಿಗೂ ಕೆಲಸಕ್ಕೂ ಆಗುವ ಕೂಡಿಕೆಯೇ ಆಪ್ಟಿಟ್ಯೂಡ್. ಕಲಿಯುವುದಕ್ಕೆ ಮೊದಲೇ ಇರುವ ಒಗ್ಗು ಅದು; ಕಲಿತ ಮೇಲೆ ಕಾಣಿಸಿಕೊಳ್ಳುವುದು ಎಬಿಲಿಟಿ. ಬೋಲ್ಟು ಒಂದು ನಟ್ಟಿಗೆ ಕೂಡಲಿಲ್ಲವೆಂದರೆ ಬುದ್ಧಿವಂತನಾದ ಕೆಲಸಗಾರ ಅದನ್ನು ಗುಜರಿಗೆ ಎಸೆಯುವುದಿಲ್ಲ, ಬೇರೆ ನಟ್ಟು ಹುಡುಕುತ್ತಾನೆ. ಉಪಾಧ್ಯಾಯರಾದ ನಾವು ಎಸೆದುಬಿಟ್ಟಿದ್ದೆವು. ‘ಕೆಪ್ಯಾಸಿಟಿ’ಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ, ಅದು ಹಿಡಿಸುವ ಪ್ರಮಾಣ, ಸೂಳೆಕೆರೆಗೆ ಎಷ್ಟು ನೀರು ಹಿಡಿಸುತ್ತದೆ ಎಂಬಂಥದು. ಕೆರೆ ಬತ್ತಿದ ವರ್ಷದಲ್ಲಿಯೂ ಕೆಪ್ಯಾಸಿಟಿ ಅಷ್ಟೇ ಇರುತ್ತದೆ.

ಇನ್ನು ‘ನ್ಯಾಕ್’ ಮತ್ತು ‘ಫ್ಲೇರ್’. ಮೊದಲನೆಯದು ಪುಸ್ತಕದಿಂದ ಕಲಿಯಲಾಗದ ಸಣ್ಣ ಉಪಾಯ, ಕೈಗೆ ಹತ್ತಿದ ಗುಟ್ಟು. ಎರಡನೆಯದು ವಾಸನೆ ಹಿಡಿಯುವುದು ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. ಬೇಟೆನಾಯಿ ಮೂಗಿನಿಂದಲೇ ದಾರಿ ತಿಳಿಯುವಂತೆ, ಯಾರೂ ಹೇಳಿಕೊಡದೆ ಸೊಗಸಾದುದನ್ನು ಕಂಡುಕೊಳ್ಳುವ ಗುಣ. ಇವೆರಡನ್ನೂ ನೋಡಬೇಕಾದರೆ ದಾವಣಗೆರೆಯವರು ದೂರ ಹೋಗಬೇಕಾಗಿಲ್ಲ. ನಮ್ಮ ಮಂಡಕ್ಕಿ ಭಟ್ಟಿಗಳಿಗೆ ಹೋಗಿರಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪು ಹಿಡಿಸಿ, ಕಾದ ಮರಳಿನಲ್ಲಿ ಹುರಿಯುವ ತನಕ ಪ್ರತಿಯೊಂದು ಹಂತಕ್ಕೂ ಒಂದು ಹದವಿದೆ. ಮರಳು ಒಂದಿಷ್ಟು ಹೆಚ್ಚು ಕಾದರೆ ಅಕ್ಕಿ ಕರಿಯಾಗುತ್ತದೆ, ಕಡಿಮೆಯಾದರೆ ಅರಳುವುದಿಲ್ಲ. ಆ ಕ್ಷಣವನ್ನು ಬಲ್ಲವರ ಕೈಯಲ್ಲಿ ಯಾವ ಉಷ್ಣಮಾಪಕವೂ ಇರುವುದಿಲ್ಲ. ‘ಹದ’ ಎಂಬ ಈ ಪದಕ್ಕೆ ಇಂಗ್ಲಿಷಿನಲ್ಲಿ ಸಮನಾದುದು ನಮಗೆ ಸಿಕ್ಕಿಲ್ಲ. ‘ಕೈಗುಣ’ಕ್ಕೂ ಅಷ್ಟೇ. ಒಂದೇ ಹಿಟ್ಟು, ಒಂದೇ ಬೆಣ್ಣೆ, ಒಂದೇ ಕಾವಲಿ. ಒಬ್ಬರು ಹುಯ್ದ ದೋಸೆಯಂತೆ ಇನ್ನೊಬ್ಬರದಾಗುವುದಿಲ್ಲ. ಅದನ್ನು ನಾವು ಕೈಗುಣವೆನ್ನುತ್ತೇವೆ. ಸೂಲಗಿತ್ತಿಗೂ ವೈದ್ಯರಿಗೂ ಅದೇ ಮಾತನ್ನು ಹೇಳುತ್ತೇವೆ. ಕೈಗುಣವುಳ್ಳವರೆಂದು ಹೆಸರಾದವರಿಗೆ ಎಷ್ಟು ಅಂಕ ಬಂದಿತ್ತೆಂದು ಯಾರೂ ವಿಚಾರಿಸುವುದಿಲ್ಲ.

‘ಪ್ರತಿಭೆ’ ಎಂಬ ಸಂಸ್ಕೃತ ಪದವು ಮಾತ್ರ ಪಂಡಿತರ ಮನೆಯದು. ಬೆಳಗುವುದು ಎಂಬ ಧಾತು ಅದರಲ್ಲಿದೆ. ಹೊಸಹೊಸದಾಗಿ ಮಿಂಚುವ ಬುದ್ಧಿಯೆಂದು ಆಲಂಕಾರಿಕರು ಅದನ್ನು ವಿವರಿಸಿದರು. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಕ್ಕೆ ಕಾರಣವನ್ನು ಹೇಳುವಾಗ ಹುಟ್ಟುಶಕ್ತಿಯೊಂದನ್ನೇ ಹೇಳಿ ಸುಮ್ಮನಾಗಲಿಲ್ಲ. ಲೋಕವನ್ನೂ ಶಾಸ್ತ್ರಗಳನ್ನೂ ನೋಡಿ ಪಡೆದ ನಿಪುಣತೆಯನ್ನೂ ಬಲ್ಲವರ ಬಳಿ ಮಾಡಿದ ಅಭ್ಯಾಸವನ್ನೂ ಸೇರಿಸಿ, ಈ ಮೂರೂ ಕೂಡಿ ಒಂದೇ ಕಾರಣವೆಂದನು. ಅದಕ್ಕೂ ಮುಂಚೆ, ಒಂಬತ್ತನೆಯ ಶತಮಾನದ ನಮ್ಮ ಕವಿರಾಜಮಾರ್ಗದಲ್ಲಿ, ಕನ್ನಡ ನಾಡಿನ ಜನರು ಶಾಸ್ತ್ರವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದ ಬುದ್ಧಿಯುಳ್ಳವರೆಂಬ ಪ್ರಶಂಸೆ ಬಂದಿದೆ. ನಮ್ಮೂರಿನ ಚಿಂದೋಡಿ ಲೀಲಾ ಅವರನ್ನು ಹಿರಿಯರು ರಂಗದ ಮೇಲೆ ನೋಡಿದ್ದೀರಿ. ನಾಟಕದವರ ಮನೆಯಲ್ಲಿ ಹುಟ್ಟಿ, ಎಳೆವಯಸ್ಸಿನಿಂದ ಬಣ್ಣ ಹಚ್ಚಿ, 1988ರಲ್ಲಿ ಪದ್ಮಶ್ರೀ ಪಡೆದ ಆ ಕಲಾವಿದೆಯ ವಿಷಯದಲ್ಲಿ ಹುಟ್ಟು ಎಷ್ಟು, ಅಭ್ಯಾಸ ಎಷ್ಟು ಎಂದು ಬೇರ್ಪಡಿಸಿ ತೂಗುವ ತಕ್ಕಡಿ ಯಾರ ಬಳಿಯಿದೆ? ಹಾಡುತ್ತ ಹಾಡುತ್ತ ರಾಗ ಎಂದು ನಮ್ಮ ಗಾದೆಯೂ ಹೇಳುತ್ತದೆ.

ಪವಿತ್ರ ಗ್ರಂಥದಲ್ಲಿ ಇನ್ನೊಬ್ಬರಿದ್ದಾರೆ. ಅವರ ಹೆಸರು ನಮ್ಮ ಪ್ರಸಂಗಗಳಲ್ಲಿ ಅಪರೂಪಕ್ಕೂ ಬರುವುದಿಲ್ಲವೆಂಬುದು ನಮ್ಮ ಸಣ್ಣ ದೂರು. ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ಬರುವ ಬೆಚಲೇಲ. ಅವನು ಪ್ರವಾದಿಯಲ್ಲ, ಅರಸನಲ್ಲ, ಯಾಜಕನೂ ಅಲ್ಲ. ಚಿನ್ನ, ಬೆಳ್ಳಿ, ಕಂಚು, ಕಲ್ಲು, ಮರಗಳಲ್ಲಿ ಕೆಲಸ ಮಾಡುವವನು. ದೇವದರ್ಶನದ ಗುಡಾರವನ್ನು ಕಟ್ಟುವುದಕ್ಕಾಗಿ ಅವನನ್ನು ಹೆಸರು ಹಿಡಿದು ಕರೆದು, ಅವನಲ್ಲಿ ತಮ್ಮ ಆತ್ಮವನ್ನು ತುಂಬಿಸಿರುವುದಾಗಿ ದೇವರು ಮೋಶೆಗೆ ತಿಳಿಸುತ್ತಾರೆ. ಕೈಕಸುಬಿನವನಲ್ಲಿ ದೇವರಾತ್ಮ! ನಮ್ಮ ದೇವಾಲಯದ ಗಂಟೆಯನ್ನು ತೂಗುಹಾಕಿದ ಕೀಲು ಸವೆದು ಗಂಟೆ ಇಳಿಸಬೇಕಾಗಿ ಬಂದಾಗ, ಹರಿಹರದ ಆ ಟರ್ನರ್ ಅಳತೆ ತೆಗೆದುಕೊಂಡು ಹೋಗಿ ಹೊಸ ಕೀಲನ್ನು ಕಡೆದು ತಂದು ಕೂಡಿಸಿದ. ಬಿಲ್ಲು ಕೊಡಲಿಲ್ಲ. ಇಂದು ಸಂಜೆ ಈ ಸಭೆಗೆ ಮುಂಚೆ ತಾವು ಕೇಳಿದ ಗಂಟೆ ಆ ಕೀಲಿನ ಮೇಲೆಯೇ ಆಡುತ್ತಿದೆ. ಅವನ ತಂದೆ ಅದನ್ನು ನೋಡಲು ಉಳಿದಿರಲಿಲ್ಲ. ಅವರು ಕೇಳಿದ ಪ್ರಶ್ನೆಗೆ ನಾವು ಉತ್ತರ ಕೊಡದೆ ಸೈಕಲ್ ಹತ್ತಿದ್ದೆವೆಂಬುದು ನಮ್ಮ ಮೇಲೆ ಉಳಿದ ಸಾಲ.

ಸಮಿತಿಯವರ ಮೇಲೆ ನಮಗೆ ಗೌರವವಿದೆ. ಅವರು ಮಕ್ಕಳಿಗೆ ಬಹುಮಾನ ಕೊಡುವುದು ಬೇಡವೆಂದು ನಾವು ಹೇಳುತ್ತಿಲ್ಲ. ಕಷ್ಟಪಟ್ಟು ಓದಿ ಶೇಕಡಾ 90 ಅಂಕ ಪಡೆದ ಮಗುವನ್ನು ವೇದಿಕೆಗೆ ಕರೆಯಲೇಬೇಕು. ಆದರೆ ಆ ಬಹುಮಾನದ ಹೆಸರನ್ನು ಬದಲಾಯಿಸಲು ವಿನಂತಿಸುತ್ತೇವೆ. ಅದಕ್ಕೆ ‘ವಿದ್ಯಾಭ್ಯಾಸ ಪುರಸ್ಕಾರ’ ಎಂದರೆ ಸತ್ಯವಾದೀತು. ಅಂಕಗಳು ಅಭ್ಯಾಸದ ಫಲ ತಾನೇ? ‘ಪ್ರತಿಭಾ ಪುರಸ್ಕಾರ’ ಎಂಬ ಹೆಸರನ್ನೇ ಉಳಿಸಿಕೊಳ್ಳುವುದಾದರೆ, ಪಟ್ಟಿಯನ್ನು ಅಂಕಪಟ್ಟಿಯಿಂದ ಮಾಡಬಾರದು. ನಾವು ಹೀಗೆ ಹೇಳಬಹುದೆಂದು ಊಹಿಸಿಯೋ ಏನೋ, ಕಾರ್ಯದರ್ಶಿಗಳು ಈಗ ತಾನೇ ಮೇಜಿನ ಮೇಲೆ ಒಂದು ಚೀಟಿ ಇಟ್ಟುಹೋಗಿದ್ದಾರೆ. ಓದುತ್ತೇವೆ: ಹಾಡುವವರು, ಬಾರಿಸುವವರು, ಹೊಲಿಯುವವರು, ಮರಗೆಲಸ ಮತ್ತು ಯಂತ್ರಗಳ ಕೆಲಸ ಬಲ್ಲವರು, ಮನೆಯಲ್ಲಿ ರೋಗಿಗಳ ಶುಶ್ರೂಷೆ ಮಾಡುತ್ತಿರುವ ಮಕ್ಕಳು, ಇಂಥವರ ಹೆಸರುಗಳನ್ನು ತಂದೆತಾಯಿಗಳಾಗಲಿ ನೆರೆಹೊರೆಯವರಾಗಲಿ ಮುಂದಿನ ಭಾನುವಾರ ಎರಡನೆಯ ಪೂಜೆಯ ತನಕ ಕೊಡಬಹುದು. ಬಿಳಿ ಹಾಳೆಯೂ ಪೆನ್ನೂ ಬಾಗಿಲ ಬಳಿಯ ಮೇಜಿನ ಮೇಲಿವೆಯಂತೆ.